ಕಾಫಿ ಪೌಚಿನ ಕ್ಯೂಆರ್ ಕೋಡಿಗೂ ಕ್ವಾಂಟಮ್ ಭಯವಾ? ಜರ್ಮನಿಯವರ ಫಾರಂಗೆ ಏನಂತ ಬರೀಲಿ?

ಬೀಜ_ಹುರಿಯೋಳು · ಭಾನುವಾರ ರಾತ್ರಿ 9:12

ನಮಸ್ಕಾರ ಎಲ್ರಿಗೂ. ಇಲ್ಲಿ ಕಂಪ್ಯೂಟರ್ ಗೊತ್ತಿರೋರೂ ಇದ್ದೀರ, ಕಾಫಿ ಗೊತ್ತಿರೋರೂ ಇದ್ದೀರ, ಅದಕ್ಕೇ ಇಲ್ಲೇ ಕೇಳ್ತಿದೀನಿ.

ನಮ್ಮದು ಚಿಕ್ಕಮಗಳೂರು ಪೇಟೆಯಿಂದ ಮೇಲೆ, ಗಿರಿ ದಿಕ್ಕಿಗೆ, ಸಣ್ಣ ತೋಟ. ಅರೇಬಿಕಾನೇ ಹೆಚ್ಚು. ಬಹುಪಾಲು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ಕ್ಯೂರಿಂಗಿಗೆ, ಅಂದ್ರೆ ಹೊಟ್ಟು ತೆಗೆದು ಗ್ರೇಡ್ ಮಾಡೋ ಕಡೆಗೆ ಹೋಗುತ್ತೆ, ಒಂದಿಷ್ಟು ನಾವೇ ಹುರಿದು ಕಾಲು ಕೆಜಿ ಪೌಚಲ್ಲಿ ಮಾರ್ತೀವಿ. ಪೌಚ್ ಹಿಂದೆ ಒಂದು ಕ್ಯೂಆರ್. ಮೊಬೈಲ್ ಹಿಡಿದ್ರೆ ಯಾವ ಬ್ಲಾಕಿನ ಬೀಜ, ಯಾವತ್ತು ಕೊಯ್ದಿದ್ದು, ಯಾವತ್ತು ಹುರಿದಿದ್ದು ಅಂತ ಬರುತ್ತೆ.

ಈಗ ಜರ್ಮನಿಯ ಒಬ್ಬ ಸಣ್ಣ ರೋಸ್ಟರ್ ನಮ್ಮ ಸ್ಯಾಂಪಲ್ ಇಷ್ಟಪಟ್ಟು ಹಸಿರು ಬೀಜ, ಪೌಚು ಎರಡೂ ಕೇಳಿದಾರೆ. ನಿನ್ನೆ ಹನ್ನೊಂದು ಪುಟದ ಫಾರಂ ಬಂತು. ತೋಟದ ಜಿಪಿಎಸ್, ಕಾಡು ಕಡಿದಿಲ್ಲ ಅನ್ನೋ ದಾಖಲೆ, ಇವೆಲ್ಲ ಬರುತ್ತೆ ಅಂತ ಗೊತ್ತಿತ್ತು. ಎಂಟನೇ ಪುಟದಲ್ಲಿ ಮಾತ್ರ ತಲೆ ತಿರುಗಿತು: ನಿಮ್ಮ ಲೇಬಲ್ ಮತ್ತು ಜಾಡು ಹಿಡಿಯುವ ವ್ಯವಸ್ಥೆಯಲ್ಲಿ ಎಲ್ಲೆಲ್ಲಿ ಯಾವ ಎನ್‌ಕ್ರಿಪ್ಶನ್ ಬಳಸಿದ್ದೀರಿ, ಕ್ವಾಂಟಮ್ ಕಂಪ್ಯೂಟರ್ ಬಂದ ಮೇಲೆ ಅದು ನಿಲ್ಲುತ್ತಾ, ಬದಲಾಯಿಸೋ ಯೋಜನೆ ಇದೆಯಾ.

ಕ್ಯೂಆರ್ ಮಾಡಿಕೊಡೋ ಏಜೆನ್ಸಿಯವರಿಗೆ ಫೋನ್ ಮಾಡಿದೆ. "ಮೇಡಂ, ನಮ್ಮಲ್ಲಿ ಕ್ವಾಂಟಮ್ ಸೇಫ್ ಲೇಬಲ್ ಇದೆ, ಪೌಚಿಗೆ ನಾಲ್ಕು ರೂಪಾಯಿ ಜಾಸ್ತಿ ಅಷ್ಟೆ" ಅಂದ್ರು. ಅದು ಹೇಗೆ ಸೇಫು ಅಂದ್ರೆ "ಮಿಲಿಟರಿ ಗ್ರೇಡ್" ಅಂದ್ರು. ಇಪ್ಪತ್ತು ಸಾವಿರ ಪೌಚ್ ಪ್ರಿಂಟಿಗೆ ಹೋಗಬೇಕು, ಮುಂದಿನ ವಾರ ಅಚ್ಚಿನ ಸಿಲಿಂಡರ್ ಮಾಡಿಸ್ತಾರೆ. ಎಂಬತ್ತು ಸಾವಿರ ರೂಪಾಯಿ ಸುಮ್ನೆ ಕೊಡ್ಲಾ?

ಶೃಂಗೇರಿ_ಅಡಿಕೆ · 9:20

ಎಂತ ಮಾರಾಯ್ರೆ, ಕಾಫಿ ಪುಡಿಗೆ ಮಿಲಿಟರಿ ಗ್ರೇಡಾ! ಗಡಿಗೆ ಕಳಿಸ್ತಾರಂತಾ?

ಅಂಗಮಾರಿ_ಹಾಸನ · 9:31

ಅಕ್ಕಾ, ಕೊಡಬ್ಯಾಡಿ. ಕ್ವಾಂಟಮ್ ಬರೋ ಹೊತ್ಗೆ ಬಿಳಿ ಕಾಂಡಕೊರಕ ನಿಮ್ ಅರೇಬಿಕಾನೆಲ್ಲ ತಿಂದು ಮುಗ್ಸಿರ್ತದೆ.

ಚೈನ್_ಮಂಜ · 9:44

ಇದಕ್ಕೆ ಒಂದೇ ಪರಿಹಾರ, ಬ್ಲಾಕ್‌ಚೈನ್. ಕಾಫಿ ಬೋರ್ಡೇ 2019ರ ಮಾರ್ಚಲ್ಲಿ ಬ್ಲಾಕ್‌ಚೈನ್ ಮಾರುಕಟ್ಟೆ ಆ್ಯಪ್ ಪ್ರಾಯೋಗಿಕವಾಗಿ ಶುರು ಮಾಡಿತ್ತು. ಒಂದು ಸಲ ಬರೆದದ್ದನ್ನ ಯಾರೂ ತಿದ್ದೋಕಾಗಲ್ಲ. ಅದನ್ನೇ ಹಾಕಿ, ಕ್ವಾಂಟಮ್ ಅಲ್ಲ, ಅವರಪ್ಪ ಬಂದ್ರೂ ಏನೂ ಆಗಲ್ಲ.

ಬೇಲೂರು_ಬೈಟ್ · 10:05

ಮಂಜಣ್ಣ, ನಿಧಾನ. ಸಾಮಾನ್ಯ ಬ್ಲಾಕ್‌ಚೈನಲ್ಲಿ ಪ್ರತಿ ನಮೂದಿಗೂ ಹಾಕೋ ಡಿಜಿಟಲ್ ಸಹಿ ಎಲಿಪ್ಟಿಕ್ ಕರ್ವ್ ಅನ್ನೋ ಗಣಿತದ ಲೆಕ್ಕದ ಮೇಲೆ ನಿಂತಿರೋದು. ಕ್ವಾಂಟಮ್ ಯಂತ್ರ ಮೊದಲು ಮುರಿಯೋದೇ ಅದನ್ನ. ಅವರಪ್ಪ ಬರೋದು ಬೇಡ, ಮಗನೇ ಸಾಕು.

(ನಾನು ಬೇಲೂರಿನವನು, ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸ. ಮನೇಲಿ ಕಾಫಿ ಇಲ್ಲ, ಶುಂಠಿ ಇದೆ.)

ಬೀಜದಕ್ಕ, ಹಿನ್ನೆಲೆ ಹೇಳ್ತೀನಿ. ಇವತ್ತು ನೆಟ್ ಮೇಲಿನ ಬೀಗಗಳಲ್ಲಿ ಎರಡು ಜಾತಿ. ಒಂದು, ಇಬ್ಬರ ಹತ್ರಾನೂ ಒಂದೇ ಕೀಲಿ ಇರೋದು. ಇನ್ನೊಂದು, ಬೀಗ ಊರಿಗೆಲ್ಲ ಹಂಚಿ ಕೀಲಿ ನಾವೊಬ್ಬರೇ ಇಟ್ಕೊಳ್ಳೋದು. ಆರ್‌ಎಸ್‌ಎ, ಇಸಿಡಿಎಸ್‌ಎ (ಈಗ ಹೇಳಿದ ಎಲಿಪ್ಟಿಕ್ ಕರ್ವ್ ಸಹಿ) ಈ ಜಾತಿಯವು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸೋದು ಸುಲಭ, ಗುಣಲಬ್ಧ ನೋಡಿ ಆ ಎರಡನ್ನ ಹುಡುಕೋದು ಕಷ್ಟ, ಆರ್‌ಎಸ್‌ಎ ಬದುಕಿರೋದೇ ಆ ಕಷ್ಟದ ಮೇಲೆ. ಕ್ವಾಂಟಮ್ ಯಂತ್ರಕ್ಕೆ ಅದು ಕಷ್ಟವೇ ಅಲ್ಲ ಅಂತ ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ರು. ತಮಾಷೆ ನೋಡಿ, ಜಪಾನಿನ ಡೆನ್ಸೋ ವೇವ್‌ನವರು ಕ್ಯೂಆರ್ ಕೋಡ್ ಮಾಡಿದ್ದೂ 1994ರಲ್ಲೇ. ಎರಡೂ ಒಂದೇ ವಯಸ್ಸಿನವು, ಈಗ ನಿಮ್ಮ ಪೌಚ್ ಮೇಲೆ ಎದುರುಬದುರು ನಿಂತಿವೆ.

ಮೊದಲನೇ ಜಾತಿ, ಅಂದ್ರೆ ಎಇಎಸ್, ಮತ್ತೆ ಎಸ್‌ಎಚ್‌ಎ-256 ತರದ ಹ್ಯಾಷ್‌ಗಳು (ಎಷ್ಟೇ ದೊಡ್ಡ ಬರಹಕ್ಕೂ ಸಿಗೋ ಚಿಕ್ಕ ಬೆರಳಚ್ಚು, ಅದರಿಂದ ಮೂಲ ಹಿಂದಕ್ಕೆ ಬರಲ್ಲ), ಇವಕ್ಕೆ ಅಷ್ಟು ತೊಂದರೆ ಇಲ್ಲ.

ಒಂದು ಪ್ರಶ್ನೆ: ನಿಮ್ಮ ಕ್ಯೂಆರ್ ಒಳಗೆ ನಿಜವಾಗಿ ಏನಿದೆ? ಸ್ಕ್ಯಾನ್ ಮಾಡಿ, ಲಿಂಕ್ ಒತ್ತಬೇಡಿ, ಬರೋ ಅಕ್ಷರ ಮಾತ್ರ ಇಲ್ಲಿ ಹಾಕಿ.

ಬೀಜ_ಹುರಿಯೋಳು · 10:18

ಒಂದು ವೆಬ್ ವಿಳಾಸ. ಏಜೆನ್ಸಿ ಹೆಸರು, ಆಮೇಲೆ ಗೆರೆ, ಆಮೇಲೆ 000417. ಬೇರೆ ಪೌಚ್ ತಗೊಂಡು ನೋಡಿದೆ, 000418.

ಬೇಲೂರು_ಬೈಟ್ · 10:21

ಹಾಗಿದ್ರೆ ಅದ್ರಲ್ಲಿ ಎನ್‌ಕ್ರಿಪ್ಶನ್ನೇ ಇಲ್ಲ ಅಕ್ಕ. ಮುರಿಯೋಕೆ ಏನಾದ್ರೂ ಇದ್ರೆ ತಾನೇ ಕ್ವಾಂಟಮ್ ಮುರಿಯೋದು? ಒಂದರಿಂದ ಎಣಿಸೋಕೆ ಬರೋ ಯಾರು ಬೇಕಾದ್ರೂ ನಿಮ್ಮ ಮುಂದಿನ ಪೌಚಿನ ನಂಬರ್ ಬರೀಬಹುದು.

ಶೃಂಗೇರಿ_ಅಡಿಕೆ · 10:22

ಮಿಲಿಟರಿ ಗ್ರೇಡ್ 😂

ಕ್ಯೂರಿಂಗ್_ರೈಟ್ರು · ಸೋಮವಾರ ಬೆಳಗ್ಗೆ 6:40

ನಾನು ಹಾಸನದಲ್ಲಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು, ಈಗ ನಿವೃತ್ತ. ಮಕ್ಕಳು ಇದನ್ನು ಹೊಸ ಸಮಸ್ಯೆ ಎಂದುಕೊಂಡಿದ್ದಾರೆ. ತೋಟದಿಂದ ಲಾರಿ ಬಂದರೆ ಮೂಟೆ ಎಣಿಸಿ, ತೇವಾಂಶ ನೋಡಿ, ತೋಟದ ಹೆಸರಿನಲ್ಲಿ ಲಾಟ್ ನಂಬರ್ ಹಾಕಿ ಬೇರೆ ಪೇರಿಸುತ್ತಿದ್ದೆವು. ಹಲ್ಲಿಂಗ್ ಆಗಿ (ಹೊಟ್ಟು ಬಿಡಿಸಿ) ಗ್ರೇಡ್ ಆದ ಮೇಲೆ ಔಟ್‌ಟರ್ನ್ ಚೀಟಿಯಲ್ಲಿ ಎ ಎಷ್ಟು, ಬಿ ಎಷ್ಟು, ಪಿಬಿ (ಒಂಟಿ ಬೀಜ) ಎಷ್ಟು ಎಂದು ಅದೇ ನಂಬರಿಗೆ ಬರೆಯುತ್ತಿದ್ದೆವು. ರಫ್ತಿನ ಚೀಲದ ಮೇಲೆ ಐಸಿಒ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಮಾರ್ಕ್ ಬೇರೆ: ದೇಶ, ರಫ್ತುದಾರ, ಲಾಟ್, ಮೂರೂ ಅಂಕಿಯಲ್ಲಿ. ಜಾಡು ಎನ್ನುವುದು ಅದೇ ಅಲ್ಲವೇ?

ಜಾಡು ತಪ್ಪುತ್ತಿದ್ದದ್ದು ಎಲ್ಲಿ ಗೊತ್ತೇ? ಪುಸ್ತಕದಲ್ಲಿ ಅಲ್ಲ. ಸಂಜೆ ಆರಕ್ಕೆ ಮಳೆ ಹನಿ ಬಿದ್ದಾಗ, ಕಣದಲ್ಲಿ ಹರಡಿದ ಎರಡು ತೋಟದ ಬೀಜವನ್ನು ಹೆಂಗಸರು ಅವಸರದಲ್ಲಿ ಒಂದೇ ರಾಶಿಗೆ ಎಳೆದರೆ, ಅಲ್ಲಿಗೆ ಮುಗಿಯಿತು. ಆಮೇಲೆ ಯಾವ ಕೀಲಿ ಹಾಕಿದರೂ ಬೀಗ ಬಿದ್ದಿರುವುದು ಕಲಬೆರಕೆಗೆ.

ಅಂಗಮಾರಿ_ಹಾಸನ · 7:15

ರೈಟ್ರು ಸರ್ಯಾಗಿ ಹೇಳುದ್ರು. ನಮ್ ಆಲೂಗಡ್ಡೆ ಕತೆ ಕೇಳಿ.

ಪ್ರತಿ ವರ್ಷ ಬಿತ್ನೆ ಗಡ್ಡೆ ಜಲಂಧರ್ ಕಡೆಯಿಂದ ಲಾರೀಲಿ ಬತ್ತದೆ. ಪ್ರಮಾಣಿತ ಬೀಜ ಅಂದ್ರೆ ಚೀಲದ ಬಾಯ್ಗೆ ನೀಲಿ ಚೀಟಿ ಹೊಲ್ದಿರ್ಬೇಕು. ಒಂದು ವರ್ಷ ನಾನು ಕುಫ್ರಿ ಜ್ಯೋತಿ ಅಂತ ಇಪ್ಪತ್ತು ಚೀಲ ತಗಂಡೆ. ಎಲ್ಲಾದ್ರಲ್ಲೂ ನೀಲಿ ಚೀಟಿ, ಹೊಳೀತಾ ಅದೆ. ಮನೇಗ್ ತಂದು ಬಿಚ್ಚೋವಾಗ ನಮ್ಮಮ್ಮ ನೋಡುದ್ಲು: ಚೀಲದ ಹೊಲ್ಗೆ ದಾರ ಬಿಳೀದು, ಚೀಟಿ ಇರೋ ಕಡೆ ನಾಕು ಬೆರಳಷ್ಟು ಮಾತ್ರ ಹಳ್ದಿ ದಾರ. ಹಳೇ ತೂತು ಪಕ್ಕದಲ್ಲೇ ಹೊಸ ತೂತು. ಅಂದ್ರೆ ಚೀಟಿ ಅಸಲಿ, ಚೀಲ ನಕಲಿ! ಎಲ್ಲೋ ಖಾಲಿಯಾದ ಚೀಲದ ಚೀಟಿ ಕಿತ್ತು ಇದ್ಕೆ ಹೊಲ್ದವ್ರೆ. ಆ ವರ್ಷ ಮಳೆ ಬೇರೆ ಹಿಡ್ಕತ್ತು, ಅಂಗಮಾರಿ ಬಂದು ಎರಡೆಕ್ರೆ ಕರ್ರಗಾಯ್ತು. ನನ್ ಹೆಸ್ರು ಆವತ್ತಿಂದ ಇದೇ.

ಈಗ ಕೇಂದ್ರದವ್ರು ಸಾಥಿ ಅಂತ ಪೋರ್ಟಲ್ ಮಾಡವ್ರೆ, 2023ರಲ್ಲಿ ಬಂತು, ಬೀಜದ ಚೀಲಕ್ಕೆ ಕ್ಯೂಆರ್. ಒಳ್ಳೇದೇಯ. ಆದ್ರೆ ಕ್ಯೂಆರ್ ಇರೋ ಚೀಟೀನೂ ದಾರದಲ್ಲೇ ತಾನೆ ಹೊಲಿಯೋದು?

ಮಸಿ_ಕೈ · 7:52

ನಾನು ಪ್ರಿಂಟಿಂಗ್‌ನವನು. ಅಂಗಮಾರಿಯಣ್ಣ ಹೇಳಿದ್ದು ನೂರಕ್ಕೆ ನೂರು. ಸ್ಕ್ಯಾನ್ ಆಗೋ ಯಾವ ಕೋಡಾದ್ರೂ ಜೆರಾಕ್ಸ್ ಆಗುತ್ತೆ. ಒಳಗೆ ದೇವರ ಸಹಿ ಇದ್ರೂ ಜೆರಾಕ್ಸಲ್ಲಿ ಅದೂ ಬರುತ್ತೆ. ಸಹಿ ಹೇಳೋದು "ಈ ಅಕ್ಷರ ಬರೆದದ್ದು ಇಂಥವರು" ಅಂತ ಮಾತ್ರ, "ಈ ಪೌಚಲ್ಲಿ ಇರೋದು ಅವರ ಕಾಫಿ" ಅಂತಲ್ಲ. ಅಂಗಡಿ ಮುಂದಿನ ಯುಪಿಐ ಸ್ಟಿಕ್ಕರ್ ಮೇಲೆ ರಾತ್ರೋರಾತ್ರಿ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗ್ತಾರಲ್ಲ, ಅವರೇನು ಲೆಕ್ಕ ಮುರಿದ್ರಾ? ಗೋಂದು ಸಾಕಾಯ್ತು.

ಇನ್ನೊಂದು, ಅಕ್ಕ. ಸಿಲಿಂಡರಲ್ಲಿ ಕೆತ್ತಿದ್ರೆ ಇಪ್ಪತ್ತು ಸಾವಿರ ಪೌಚಿಗೂ ಒಂದೇ ಕ್ಯೂಆರ್ ಬರುತ್ತೆ. ನಂಬರ್ ಬೇರೆ ಬೇರೆ ಬೇಕು ಅಂದ್ರೆ ಅಲ್ಲಿ ಬಿಳಿ ಜಾಗ ಬಿಟ್ಟು ಆಮೇಲೆ ಇಂಕ್‌ಜೆಟ್ಟಲ್ಲೋ ಸ್ಟಿಕ್ಕರಲ್ಲೋ ಹಾಕಬೇಕು. ಈಗ ನಿಮ್ಮದು ಸ್ಟಿಕ್ಕರ್ ತಾನೇ?

ಬೀಜ_ಹುರಿಯೋಳು · 8:30

ಹೌದು, ಸ್ಟಿಕ್ಕರೇ. ಮಳೆಗಾಲದಲ್ಲಿ ಪ್ಯಾಕಿಂಗ್ ರೂಮಲ್ಲಿ ಅಂಚು ಏಳುತ್ತೆ. ಹುಡುಗೀರು ಹೇರ್ ಡ್ರೈಯರ್ ಹಿಡಿದು ಒತ್ತಿ ಕೂರಿಸ್ತಾರೆ.

ಸೊನ್ನೆ_ಒಂದು · 9:10

ಬೈಟ್ ಅವರ ಮಾತಿಗೆ ಒಂದು ಸೇರಿಸ್ತೀನಿ. ಏಜೆನ್ಸಿಯವರು ಹೇಳೋ "ಕ್ವಾಂಟಮ್ ಸೇಫ್ ಲೇಬಲ್" ಅಂದ್ರೆ ಕ್ಯೂಆರ್ ಒಳಗೇ ಹೊಸ ತರದ ಸಹಿ ತುರುಕೋದು ಅಂತಾದ್ರೆ, ಅವರು ಅದನ್ನ ಒಂದು ಸಲವೂ ಪ್ರಿಂಟ್ ಮಾಡಿ ನೋಡಿಲ್ಲ.

ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್ 13ಕ್ಕೆ ಮೂರು ಹೊಸ ಮಾನದಂಡ ಹೊರಡಿಸಿತು: ಕೀಲಿ ಹಂಚಿಕೊಳ್ಳೋಕೆ ಎಂಎಲ್-ಕೆಇಎಂ, ಸಹಿಗೆ ಎಂಎಲ್-ಡಿಎಸ್‌ಎ ಮತ್ತು ಎಸ್‌ಎಲ್‌ಎಚ್-ಡಿಎಸ್‌ಎ. ಈಗಿನ ಇಸಿಡಿಎಸ್‌ಎ ಸಹಿ 64 ಬೈಟ್. ಎಂಎಲ್-ಡಿಎಸ್‌ಎಯ ಅತಿ ಚಿಕ್ಕ ಸಹಿಯೇ 2,420 ಬೈಟ್. ಎಸ್‌ಎಲ್‌ಎಚ್‌ನಲ್ಲಿ ಚಿಕ್ಕದು ಅನ್ನೋದೇ 7,856.

ಕ್ಯೂಆರಲ್ಲಿ ಅತಿ ದೊಡ್ಡದು 40ನೇ ಆವೃತ್ತಿ, 177 ಚೌಕ ಅಗಲ, 177 ಚೌಕ ಎತ್ತರ. ಅದರ ಹೊಟ್ಟೆಗೆ ಹಿಡಿಯೋದು ಹೆಚ್ಚೆಂದರೆ 2,953 ಬೈಟ್, ಅದೂ ಹಾನಿ ತಡೆಯೋ ಶಕ್ತಿ ಅತಿ ಕಡಿಮೆ ಇಟ್ಟಾಗ, ಅಂದ್ರೆ ಹೆಚ್ಚೆಂದರೆ ಸುಮಾರು 7% ಕೆಟ್ಟರೂ ಓದುತ್ತೆ, ಅದಕ್ಕಿಂತ ಜಾಸ್ತಿ ಕೆಟ್ಟರೆ ಇಲ್ಲ. ಒಂದು ಮೆಟ್ಟಿಲು ಮೇಲಿನ ಮಟ್ಟಕ್ಕೆ ಹೋದ್ರೆ 2,331. ಅಲ್ಲಿಗೆ 2,420ರ ಸಹಿ ಹೊರಗೇ ನಿಂತಿತು! ಒಂದು ಚೌಕಕ್ಕೆ 0.4 ಮಿ.ಮೀ. ಅಂತ ಹಿಡಿದ್ರೂ, ಸುತ್ತ ಬಿಡಬೇಕಾದ ಬಿಳಿ ಅಂಚು ಸೇರಿ ಏಳೂವರೆ ಸೆಂಟಿಮೀಟರ್ ಚೌಕ. ಅದನ್ನ ಸುಕ್ಕುಗಟ್ಟೋ ಪೌಚ್ ಮೇಲೆ, ಅಂಚು ಏಳೋ ಸ್ಟಿಕ್ಕರಲ್ಲಿ ಹಾಕಿ, ಸಂಜೆ ಬೆಳಕಲ್ಲಿ ಹಳೇ ಮೊಬೈಲ್ ಹಿಡಿದು ಓದಿಸಿ ನೋಡೋಣ.

ಫಾಲ್ಕನ್ ಅಂತ ಇನ್ನೊಂದಿದೆ, 666 ಬೈಟ್ ಸಹಿ, ಅದು ಹಿಡಿಸಬಹುದು. ಆದ್ರೆ ಆ ಮೂರರ ಜೊತೆ ಅದು ಬರಲಿಲ್ಲ, ಮಾಡೋದೂ ನಾಜೂಕಿನ ಕೆಲಸ.

ಮಸಿ_ಕೈ · 9:18

ಏಳೂವರೆ ಸೆಂಟಿಮೀಟರ್! ಕಾಲು ಕೆಜಿ ಪೌಚಿನ ಬೆನ್ನಲ್ಲಿ ಆಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲಿ ಹಾಕೋದು, ಅಕ್ಕನ ತಲೆ ಮೇಲಾ?

ಕೊಪ್ಪದ_ಚಿಕೋರಿ_ವಿರೋಧಿ · 9:25

ಲೇಬಲ್ ವಿಷಯ ಬಂತಲ್ಲ. ಎಲ್ರೂ ಕ್ವಾಂಟಮ್ ಅಂತೀರ, ಪೌಚ್ ಮೇಲೆ ಚಿಕೋರಿ ಎಷ್ಟು ಅಂತ ಇರುವೆ ಗಾತ್ರದಲ್ಲಿ ಬರೆಯೋದನ್ನ ಯಾರೂ ಕೇಳಲ್ಲ. ಶೇಕಡಾ 49ರ ತನಕ ಕಾನೂನೇ ಬಿಟ್ಟಿದೆ. ಅರ್ಧ ಬೇರು ಕುಡಿದು "ಆಹಾ ಚಿಕ್ಕಮಗಳೂರು ಕಾಫಿ" ಅಂತಾರೆ.

ಶೃಂಗೇರಿ_ಅಡಿಕೆ · 9:27

ಚಿಕೋರಿ ಇಲ್ಲದ ಕಾಫಿ ಎಂತ ಕಾಫಿ ಮಾರಾಯ್ರೆ, ಡಿಕಾಕ್ಷನ್ ಗಟ್ಟೀನೇ ಬರಲ್ಲ.

ಕೊಪ್ಪದ_ಚಿಕೋರಿ_ವಿರೋಧಿ · 9:28

ಇವರನ್ನ ವೇದಿಕೆಯಿಂದ ತೆಗೀರಿ.

ಬೀಜ_ಹುರಿಯೋಳು · 9:50

ನಮ್ಮದ್ರಲ್ಲಿ ಚಿಕೋರಿ ಇಲ್ಲ. ದಯವಿಟ್ಟು ಜಗಳ ಬೇಡ. ಸೊನ್ನೆ ಒಂದು ಅವರೇ, ಹಾಗಿದ್ರೆ ಏನು ಮಾಡ್ಲಿ? ಫಾರಂ ಶುಕ್ರವಾರದ ಒಳಗೆ ಕಳಿಸಬೇಕು.

ಚೈನ್_ಮಂಜ · 10:02

ಚೀನಾದವರು ಆಗಲೇ ಕ್ವಾಂಟಮಲ್ಲಿ ಆರ್‌ಎಸ್‌ಎ ಮುರಿದಿದ್ದಾರೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನೀವೆಲ್ಲ ಲೇಟು.

ಸೊನ್ನೆ_ಒಂದು · 10:11

ಅವರು 2024ರಲ್ಲಿ ಮುರಿದಿದ್ದು 22 ಬಿಟ್ ಸಂಖ್ಯೆ. ಅಂದ್ರೆ ಏಳಂಕಿ. ಕ್ಯಾಲ್ಕುಲೇಟರ್ ಹಿಡಿದು ಕೂತ ಹೈಸ್ಕೂಲ್ ಹುಡುಗನೂ ಮುರೀತಾನೆ. ಬಳಕೆಯಲ್ಲಿರೋದು 2,048 ಬಿಟ್.

ಹಾಗಂತ ನಿದ್ದೆ ಮಾಡೋ ಹಾಗೂ ಇಲ್ಲ. 2,048 ಬಿಟ್ ಮುರಿಯೋಕೆ ಎರಡು ಕೋಟಿ ಕ್ಯೂಬಿಟ್ (ಕ್ವಾಂಟಮ್ ಯಂತ್ರದ ಮೂಲ ಘಟಕ) ಬೇಕು ಅಂತ 2019ರಲ್ಲಿ ಗೂಗಲಿನ ಕ್ರೇಗ್ ಗಿಡ್ನಿ ಇನ್ನೊಬ್ಬರ ಜೊತೆ ಲೆಕ್ಕ ಹಾಕಿದ್ರು. ಅದೇ ಗಿಡ್ನಿ 2025ರ ಮೇನಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಸಾಕು, ಒಂದು ವಾರದೊಳಗೆ ಆಗುತ್ತೆ ಅಂದ್ರು. ಅಷ್ಟು ದೊಡ್ಡ ಯಂತ್ರ ಇನ್ನೂ ಎಲ್ಲೂ ಇಲ್ಲ. ಆದ್ರೆ ಆರು ವರ್ಷದಲ್ಲಿ ಲೆಕ್ಕ ಇಪ್ಪತ್ತನೇ ಒಂದು ಭಾಗಕ್ಕೆ ಇಳೀತು, ಯಂತ್ರ ದೊಡ್ಡದಾಗದೇನೇ. ನಮ್ಮ ದೇಶವೂ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲಲ್ಲಿ 6,003.65 ಕೋಟಿ ಮಂಜೂರು ಮಾಡಿದೆ.

ಕೊಬ್ಬರಿ_ಅರಸೀಕೆರೆ · 10:40

ಆರು ಸಾವಿರ ಕೋಟಿ!! ಕೊಬ್ಬರಿ ಬೆಂಬಲ ಬೆಲೆಗೆ ಕೇಳಿದ್ರೆ ಮಾತ್ರ ಕೈ ತಿರುವ್ತಾರೆ.

ಬೇಲೂರು_ಬೈಟ್ · ಮಧ್ಯಾಹ್ನ 1:15

ಊಟ ಆಯ್ತು, ಈಗ ಅಕ್ಕನ ಪ್ರಶ್ನೆಗೆ ಬರ್ತೀನಿ.

ನಿಮ್ಮ ಹುರಿದ ಕಾಫಿ ಪೌಚಿನ ಆಯಸ್ಸು ಎಷ್ಟು? ಆರು ತಿಂಗಳು, ವರ್ಷ. ಆಮೇಲೆ ಅದು ಕಸದ ಬುಟ್ಟಿಗೆ. ಇವತ್ತು ಹಾಕಿದ ಸಹಿಯನ್ನ ಇನ್ನು ಹತ್ತು ವರ್ಷಕ್ಕೆ ಯಾರೋ ಮುರಿದ್ರೆ ಆ ಪೌಚಿಗೆ ಏನಾಗಬೇಕು? ಏನೂ ಇಲ್ಲ. ಈಗಲೇ ಕದ್ದಿಟ್ಟು ಆಮೇಲೆ ಬಿಡಿಸೋ ಭಯ ಇರೋದು ಗುಟ್ಟಿಗೆ, ಪೌಚ್ ಮೇಲೆ ಗುಟ್ಟೇ ಇಲ್ಲ. ಆದ್ದರಿಂದ ಪೌಚ್ ಮೇಲೆ ಸಹಿ ಬೇಡವೇ ಬೇಡ. ಅಲ್ಲಿ ಇರಬೇಕಾದ್ದು ಚಿಕ್ಕ ವಿಳಾಸ, ಮತ್ತೆ ಊಹೆಗೆ ಸಿಗದ ನಂಬರ್. 000417 ಅಲ್ಲ, ಇಪ್ಪತ್ತೆರಡು ಅಕ್ಷರದ ಅಡ್ಡಾದಿಡ್ಡಿ. ಸರ್ವರಲ್ಲಿ ಅದರ ಹ್ಯಾಷ್ ಮಾತ್ರ ಇಡಿ. ಇಷ್ಟಕ್ಕೆ ಕ್ವಾಂಟಮ್ ಬಂದ್ರೂ ಏನೂ ಆಗಲ್ಲ, ಯಾಕಂದ್ರೆ ಬಿಡಿಸೋಕೆ ಲೆಕ್ಕವೇ ಇಲ್ಲ, ಊಹೆ ಮಾತ್ರ. ನಾಲ್ಕು ರೂಪಾಯಿ ಬೇಡ, ನಾಲ್ಕು ಪೈಸೆಯೂ ಬೇಡ.

ಜೆರಾಕ್ಸಿಗೆ ಮದ್ದು ಎಣಿಕೆ. ಒಂದೇ ನಂಬರ್ ಬೆಳಗ್ಗೆ ಮಂಗಳೂರಲ್ಲಿ, ಮಧ್ಯಾಹ್ನ ಹೈದರಾಬಾದಲ್ಲಿ, ಸಂಜೆ ಮತ್ತೆ ನಲವತ್ತು ಕಡೆ ಸ್ಕ್ಯಾನ್ ಆದ್ರೆ ನಿಮಗೆ ಗೊತ್ತಾಗಬೇಕು, ಸ್ಕ್ಯಾನ್ ಮಾಡಿದವರಿಗೂ ಹೇಳಬೇಕು.

ಹೊಸಬ_ಸಕಲೇಶಪುರ · 1:32

ಚಿನ್ನದ ಹಾಲ್‌ಮಾರ್ಕ್ ಮೇಲೆ ಆರು ಅಕ್ಷರದ ಎಚ್‌ಯುಐಡಿ ಇರುತ್ತಲ್ಲ, ಬಿಐಎಸ್ ಕೇರ್ ಆ್ಯಪಲ್ಲಿ ಹೊಡೆದ್ರೆ ಬರುತ್ತೆ, ಆ ತರಾನಾ?

ಬೇಲೂರು_ಬೈಟ್ · 1:36

ಅದೇ ದಾರಿ. ಒಡವೆ ಮೇಲೆ ನಂಬರ್ ಮಾತ್ರ, ವಿವರ ಎಲ್ಲ ಅತ್ತ ಕಡೆ. ಒಳಗಿನ ಬೀಗ ಬದಲಾಯಿಸಿದ್ರೆ ಒಡವೆ ಕರಗಿಸಬೇಕಾಗಿಲ್ಲ. ನಮ್ಮ ಆಧಾರ್ ಕ್ಯೂಆರ್ ನೋಡಿ, ಅದು ಉಲ್ಟಾ: ನೆಟ್ ಇಲ್ಲದೇ ಪರೀಕ್ಷಿಸೋಕೆ ಅಂತ ಸಹಿ ಒಳಗೇ ಇದೆ, ಆರ್‌ಎಸ್‌ಎ 2,048. ಅದನ್ನ ಬದಲಾಯಿಸಬೇಕು ಅಂದ್ರೆ ಕೋಟಿಗಟ್ಟಲೆ ಕಾರ್ಡ್ ಮತ್ತೆ ಮುದ್ರಿಸಬೇಕು.

ಗಿರಿ_ಹೋಂಸ್ಟೇ · 2:20

ಒಂದು ಕೆಟ್ಟ ಅನುಭವ ಹೇಳ್ಲಾ? ನಾವೂ ಜೇನು, ಮೆಣಸಿನ ಬಾಟಲಿಗೆ ಕ್ಯೂಆರ್ ಹಾಕಿಸಿದ್ವಿ. ಮಾಡಿಕೊಟ್ಟ ಕಂಪನಿ ಒಂದೂವರೆ ವರ್ಷಕ್ಕೆ ಬಾಗಿಲು ಹಾಕ್ತು. ವಿಳಾಸ ಅವರ ಹೆಸರಲ್ಲಿತ್ತು, ರಿನ್ಯೂ ಮಾಡಲಿಲ್ಲ, ಯಾರೋ ಕೊಂಡ್ಕೊಂಡ್ರು. ಒಂದಿನ ಮೈಸೂರಿಂದ ಬಂದಿದ್ದ ಅಜ್ಜಿ ಊಟದ ಮೇಜಲ್ಲಿ ಕೂತು ನಮ್ಮ ಜೇನಿನ ಬಾಟಲಿ ಸ್ಕ್ಯಾನ್ ಮಾಡಿದ್ರು. "ನಿಮ್ಮಲ್ಲಿ ರಮ್ಮಿನೂ ಆಡಿಸ್ತೀರಾ ಮಗೂ?" ಅಂದ್ರು. ನೋಡಿದ್ರೆ ಇಸ್ಪೀಟಿನ ಸೈಟು, ಐನೂರು ರೂಪಾಯಿ ಬೋನಸ್. ಆರುನೂರು ಬಾಟಲಿ ಸ್ಟಿಕ್ಕರ್ ನಾನೂ ನನ್ನ ಹೆಂಡ್ತಿ ಬಿಸಿನೀರಲ್ಲಿ ನೆನೆಸಿ ಕಿತ್ವಿ.

ಬೇಲೂರು_ಬೈಟ್ · 2:24

ಅಕ್ಕ, ಇದನ್ನ ಎರಡು ಸಲ ಓದಿ. ನಿಮ್ಮ ಪೌಚಿನ ವಿಳಾಸವೂ ಏಜೆನ್ಸಿ ಹೆಸರಲ್ಲೇ ಇದೆ. ಸಿಲಿಂಡರಿಗೆ ಹೋಗೋ ಮುಂಚೆ ನಿಮ್ಮದೇ ಡೊಮೈನ್ ತಗೊಳ್ಳಿ, ಹತ್ತು ವರ್ಷಕ್ಕೆ ಒಟ್ಟಿಗೆ ದುಡ್ಡು ಕಟ್ಟಿ. ಫಾರಂನ ಎಂಟನೇ ಪುಟಕ್ಕಿಂತ ಇದು ಮೊದಲು.

ಸೊನ್ನೆ_ಒಂದು · 3:05

ಬೈಟ್ ಹೇಳಿದ್ದು ಪೌಚಿಗೆ ಸರಿ, ಆದ್ರೆ ಅಲ್ಲಿಗೇ ನಿಂತ್ರೆ ತಪ್ಪು. ಜರ್ಮನಿಯವರು ಕೇಳಿರೋದು ಹಸಿರು ಬೀಜಕ್ಕೂ. ಅಲ್ಲಿ ಲೇಬಲ್‌ಗಿಂತ ಕಡತ ದೊಡ್ಡದು.

ಯುರೋಪಿನ ಅರಣ್ಯನಾಶ ತಡೆ ಕಾನೂನು ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆ ಅಲ್ಲ ಅಂತ ತೋರಿಸಬೇಕು, ಪ್ರತಿ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು, 4 ಹೆಕ್ಟೇರ್ ಮೀರಿದ್ರೆ ಗಡಿಯ ಸುತ್ತಳತೆ ಪೂರ್ತಿ. ಜಾರಿ ದಿನಾಂಕ ಮುಂದಕ್ಕೆ ಹೋಗ್ತಾ ಇದೆ, ಆದ್ರೆ ಖರೀದಿದಾರರು ಈಗಲೇ ಕೇಳೋಕೆ ಶುರು ಮಾಡಿದಾರೆ. ಆ ದಾಖಲೆ ಐದು ವರ್ಷ ಇಟ್ಕೋಬೇಕು. ಅಂದ್ರೆ 2026ರ ಬೀಜದ ಕಾಗದ 2031ರ ತನಕ ನಿಲ್ಲಬೇಕು. ಎನ್‌ಐಎಸ್‌ಟಿ ಕರಡಿನ ಪ್ರಕಾರ ಆರ್‌ಎಸ್‌ಎ 2,048 ತರದ್ದನ್ನ 2030ರ ನಂತರ ಬಿಡ್ತಾ ಬರಬೇಕು, 2035ರ ನಂತರ ಮುಟ್ಟಲೇಬಾರದು. ಹೊಂದಿಸಿ ನೋಡಿ: ನಿಮ್ಮ ಪೌಚಿಗೆ ಕ್ವಾಂಟಮ್ ದೂರದ ಮಾತು, ಇದೇ ಸಾಲಿನ ಕಡತಕ್ಕೆ ಅಲ್ಲ.

ಗುಟ್ಟೂ ಅಲ್ಲೇ ಇರೋದು. ತೋಟದ ಗಡಿ, ಬ್ಯಾಂಕ್ ವಿವರ, ಯಾರಿಗೆ ಎಷ್ಟಕ್ಕೆ ಕೊಟ್ರಿ ಅನ್ನೋ ಕರಾರು. ಇವತ್ತು ತಂತಿ ಮೇಲೆ ಹೋಗೋದನ್ನ ಯಾರಾದ್ರೂ ಹಿಡಿದಿಟ್ಕೊಂಡ್ರೆ ಮುಂದೊಂದು ದಿನ ಬಿಡಿಸಬಹುದು.

ಬೇಲೂರು_ಬೈಟ್ · 3:20

ಒಪ್ಪಿದೆ. ಪೌಚ್ ನೋಡಿ ಕಡತ ಮರೆತಿದ್ದೆ.

ಆದ್ರೆ ಅದರ ಮದ್ದೂ ಅಂಥಾ ದುಬಾರಿ ಅಲ್ಲ. ಕ್ರೋಮ್ ತರದ ಬ್ರೌಸರ್‌ಗಳಲ್ಲಿ ಹಳೇ ಕೀಲಿ, ಹೊಸ ಎಂಎಲ್-ಕೆಇಎಂ ಎರಡೂ ಸೇರಿದ ಜೋಡಿ ಬೀಗ ಆಗಲೇ ಬಂದಿದೆ. ಸರ್ವರ್‌ಗಳಲ್ಲಿ ಬಳಸೋ ಬೀಗದ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ 3.5, 2025ರ ಏಪ್ರಿಲಲ್ಲಿ ಬಂದದ್ದು, ಮೂರೂ ಹೊಸ ಮಾನದಂಡ ಹೊಂದಿದೆ. ಸರ್ವರ್ ಇಟ್ಟಿರೋರನ್ನ ಕೇಳಿ: ಆ ಜೋಡಿ ಬೀಗ ಆನ್ ಇದೆಯಾ? ಇದೆ, ಇಲ್ಲ, ಎರಡೇ ಉತ್ತರ. "ಮಿಲಿಟರಿ ಗ್ರೇಡ್" ಅಂದ್ರೆ ಬೇರೆ ಕಡೆ ಹೋಗಿ.

ಕ್ಯೂರಿಂಗ್_ರೈಟ್ರು · 4:45

ಒಂದು ಸಂಶಯ. ಇಪ್ಪತ್ತು ಸಾವಿರ ಪೌಚಿಗೂ ದೊಡ್ಡ ಸಹಿ ಬೇಕಾದರೆ ಸರ್ವರಿನಲ್ಲಿಯೂ ಭಾರವಾಗುವುದಿಲ್ಲವೇ?

ಸೊನ್ನೆ_ಒಂದು · 5:02

ರೈಟ್ರೆ, ಒಳ್ಳೆ ಪ್ರಶ್ನೆ. ಲಾರಿಯಲ್ಲಿ ನೂರು ಮೂಟೆ ಇದ್ರೆ ನೀವು ನೂರಕ್ಕೂ ಸಹಿ ಹಾಕ್ತಿದ್ರಾ? ಚಲನ್ ಮೇಲೆ ಒಂದೇ ಸಹಿ. ಹಾಗೇ. ಇಪ್ಪತ್ತು ಸಾವಿರ ನಂಬರನ್ನೂ ಎರಡೆರಡಾಗಿ ಹ್ಯಾಷ್ ಮಾಡಿ, ಬಂದದ್ದನ್ನ ಮತ್ತೆ ಎರಡೆರಡಾಗಿ, ಹೀಗೆ ಮೇಲೆ ಹೋದ್ರೆ ಹದಿನೈದು ಮೆಟ್ಟಿಲಲ್ಲಿ ಒಂದೇ ಹ್ಯಾಷ್ ಉಳಿಯುತ್ತೆ. ಅದಕ್ಕೆ ಒಂದೇ ಒಂದು ದೊಡ್ಡ ಸಹಿ. ಯಾವುದೋ ಒಂದು ಪೌಚು ಆ ರಾಶಿಯದ್ದೇ ಅಂತ ತೋರಿಸೋಕೆ ಹದಿನೈದು ಹ್ಯಾಷ್ ಸಾಕು, ಒಂದಕ್ಕೆ 32 ಬೈಟ್, ಒಟ್ಟು 480. ಮರ್ಕಲ್ ಮರ ಅಂತಾರೆ.

ಕ್ಯೂರಿಂಗ್_ರೈಟ್ರು · 5:09

ನೂರರಲ್ಲಿ ಒಂದು ಮೂಟೆ ಬದಲಾದರೆ ಚಲನ್ನೇ ತಾಳೆಯಾಗುವುದಿಲ್ಲ ಎಂದಾಯಿತು. ಅರ್ಥವಾಯಿತು. ನಮ್ಮಲ್ಲಿ ತೂಕ ತಾಳೆಯಾಗದಿದ್ದರೆ ರಾತ್ರಿ ಹತ್ತಾದರೂ ಮನೆಗೆ ಬಿಡುತ್ತಿರಲಿಲ್ಲ.

ಚೈನ್_ಮಂಜ · 5:15

ನೀವು ಹೇಳಿದ ಮರ್ಕಲ್ ಮರ ಬ್ಲಾಕ್‌ಚೈನಲ್ಲೂ ಇದೆ. ಅಂದ್ರೆ ನಾನು ಹೇಳಿದ್ದೂ ಅರ್ಧ ಸರಿ.

ಬೇಲೂರು_ಬೈಟ್ · 5:17

ಅರ್ಧ ಸರಿ ಮಂಜಣ್ಣ, ಬಿಟ್ಟಿದೀನಿ. 😄

ಹೊಸಬ_ಸಕಲೇಶಪುರ · 5:40

ಎನ್‌ಎಫ್‌ಸಿ ಚಿಪ್ ಸ್ಟಿಕ್ಕರ್ ಬಂದಿದೆಯಲ್ಲ, ಪ್ರತಿ ಸಲ ಮುಟ್ಟಿಸಿದಾಗ್ಲೂ ಬೇರೆ ಕೋಡ್ ಕೊಡೋದು? ಅದು ಜೆರಾಕ್ಸ್ ಆಗಲ್ಲ. ಅದರೊಳಗೆ ಎಇಎಸ್ 128 ಅಂತೆ. ಕ್ವಾಂಟಮಲ್ಲಿ ಅದು ಅರ್ಧಕ್ಕೆ ಇಳಿದು 64 ಆಗುತ್ತಂತಲ್ಲ?

ಸೊನ್ನೆ_ಒಂದು · 5:55

ಗ್ರೋವರ್ ಲೆಕ್ಕ (ಕ್ವಾಂಟಮ್ ಯಂತ್ರದಲ್ಲಿ ಕೀಲಿ ಬೇಗ ಹುಡುಕೋ ವಿಧಾನ) ಹಾಳೆ ಮೇಲೆ ಹಾಗೆ ಹೇಳುತ್ತೆ. ಆದ್ರೆ ಅದನ್ನ ಒಂದಾದ ಮೇಲೊಂದು ಓಡಿಸಬೇಕು, ಹಲವು ಯಂತ್ರಕ್ಕೆ ಹಂಚಿದ್ರೆ ಅಷ್ಟು ಲಾಭ ಇಲ್ಲ. ಹೊಸ ಮಾನದಂಡಗಳ ಮೊದಲ ಮೆಟ್ಟಿಲಿಗೆ ಎನ್‌ಐಎಸ್‌ಟಿ ಇಟ್ಟಿರೋ ಅಳತೆಗೋಲೇ ಎಇಎಸ್ 128. ಚಿಪ್ ಸಾಕು, ಬೆಲೆ ಮಾತ್ರ ಕಾಲು ಕೆಜಿ ಪೌಚಿಗೆ ಹೊರೆ. ದುಬಾರಿ ಮೈಕ್ರೋ ಲಾಟ್ ಡಬ್ಬಿಗೆ ಯೋಚಿಸಿ.

ಕೊಪ್ಪದ_ಚಿಕೋರಿ_ವಿರೋಧಿ · 6:30

ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ (ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು) ಬಂತು. ಆದ್ರೂ ಹೆದ್ದಾರಿ ಬದಿ ಅಂಗಡೀಲಿ ಎಲ್ಲಿಂದಲೋ ಬಂದ ಪುಡಿಗೆ ಗಿರಿ ಫೋಟೋ ಹಾಕಿ ಮಾರ್ತಾರೆ. ಮೊದಲು ಅದನ್ನ ಹಿಡೀರಿ.

ಶೃಂಗೇರಿ_ಅಡಿಕೆ · 6:41

ಬಾಬಾ ಬುಡನ್ ಏಳು ಬೀಜ ಬಚ್ಚಿಟ್ಟು ತಂದ್ರು ಅಂತ ಹೇಳ್ತಾರಲ್ದಾ? ಆವತ್ತು ಮೋಕಾ ಬಂದರಲ್ಲಿ ಈ ಕ್ಯೂಆರ್, ಟ್ರೇಸೆಬಿಲಿಟಿ ಎಲ್ಲ ಇದ್ದಿದ್ರೆ ನಮಗೆ ಕಾಫೀನೇ ಇರ್ತಿರಲಿಲ್ಲ.

ಅಂಗಮಾರಿ_ಹಾಸನ · 6:43

ಸೂಪರ್ ಕಣಣ್ಣ!

ಬೀಜ_ಹುರಿಯೋಳು · ಗುರುವಾರ ರಾತ್ರಿ 8:55

ಎಲ್ರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳ್ತೀನಿ.

ಏಜೆನ್ಸಿಯವರಿಗೆ ನಾಲ್ಕು ರೂಪಾಯಿ ಕೊಡಲಿಲ್ಲ. ಕ್ಯೂಆರ್ ಒಳಗೆ 2,420 ಬೈಟ್ ಹಾಕಿ ಒಂದು ಸ್ಯಾಂಪಲ್ ಕೊಡಿ ಅಂದೆ, ನಾಳೆ ಕಳಿಸ್ತೀವಿ ಅಂದವರು ಆಮೇಲೆ ಫೋನ್ ತೆಗೀತಿಲ್ಲ. ಡೊಮೈನ್ ನಮ್ಮ ಹೆಸರಲ್ಲೇ ತಗೊಂಡೆ, ಹತ್ತು ವರ್ಷಕ್ಕೆ. ಮಸಿ ಕೈಯಣ್ಣ ಹೇಳಿದ ಹಾಗೆ ಪೌಚಿನ ಬೆನ್ನಲ್ಲಿ ಎರಡೂವರೆ ಸೆಂಟಿಮೀಟರ್ ಬಿಳಿ ಚೌಕ ಬಿಡೋಕೆ ಹೇಳಿದೆ, ನಂಬರ್ ಆಮೇಲೆ ನಾವೇ ಹೊಡೀತೀವಿ. ನನ್ನ ತಂಗಿ ಮಗ ಸರ್ವರ್ ಕಡೆ ನೋಡ್ಕೊಳ್ತಾನೆ, ಸೊನ್ನೆ ಒಂದು ಅವರ ಮರದ ಕತೆ ಅವನಿಗೆ ತೋರಿಸಿದೆ, ಎರಡು ದಿನದಿಂದ ಅದನ್ನೇ ಮಾತಾಡ್ತಿದಾನೆ.

ಎಂಟನೇ ಪುಟಕ್ಕೆ ಇದ್ದಿದ್ದು ಇದ್ದ ಹಾಗೆ ಬರೆದೆ: ಹಳೇ ಪೌಚಿನ ಮೇಲೆ ಎನ್‌ಕ್ರಿಪ್ಶನ್ ಇರಲಿಲ್ಲ, ಹೊಸದರಲ್ಲಿ ಊಹಿಸಲಾಗದ ನಂಬರ್ ಇರುತ್ತೆ, ಲಾಟಿನ ಕಡತಕ್ಕೆ ಸದ್ಯ ಹಳೇ ಸಹಿ, ಪಕ್ಕದಲ್ಲಿ ಯಾವ ವಿಧಾನದ ಸಹಿ ಅಂತ ಬರೆಯೋ ಜಾಗ ಇಟ್ಟಿದೀವಿ, 2030ರ ಒಳಗೆ ಎಲ್ಲಾ ಕಡತಕ್ಕೂ ಹೊಸ ಸಹಿ ಮತ್ತೆ ಹಾಕ್ತೀವಿ. ಕಣದಲ್ಲಿ ಎರಡು ಬ್ಲಾಕಿನ ಬೀಜ ಸೇರದ ಹಾಗೆ ಮಧ್ಯೆ ಮೂರಡಿ ದಾರಿ ಬಿಟ್ಟು, ಮಳೆ ಬಂದ್ರೆ ಯಾವ ಟಾರ್ಪಾಲ್ ಯಾವುದಕ್ಕೆ ಅಂತ ಬಣ್ಣ ಬೇರೆ ಮಾಡಿದೀವಿ ಅಂತಾನೂ ಸೇರಿಸಿದೆ. ಅದು ರೈಟ್ರು ಮಾತಿನ ಮೇಲೆ ಮಾಡಿದ್ದು. ಜರ್ಮನಿಯವರು ವಾಪಸ್ ಬರೆದ್ರು, ಕ್ವಾಂಟಮ್ ಬಗ್ಗೆ ಒಂದು ಸಾಲು ಇಲ್ಲ, ಟಾರ್ಪಾಲಿನ ಫೋಟೋ ಕಳಿಸಿ ಅಂದಿದಾರೆ.

ಕ್ಯೂರಿಂಗ್_ರೈಟ್ರು · 9:10

ನೀಲಿ ಮತ್ತು ಹಳದಿ ಇಡಿ. ಹಸಿರು ಬೇಡ, ಸಂಜೆ ಬೆಳಕಿನಲ್ಲಿ ನೀಲಿಯ ಹಾಗೇ ಕಾಣುತ್ತದೆ.

ಗಿರಿ_ಹೋಂಸ್ಟೇ · 9:22

ಅಕ್ಕ, ನಿಮ್ಮ ಹಳೇ ಪೌಚ್ ಏನಾದ್ರೂ ಉಳಿದಿದ್ರೆ ಹೇಳಿ. ಜಿಪ್ ಇರೋದು ಚೆನ್ನಾಗಿದೆ, ನಮ್ಮ ಕಾಳುಮೆಣಸು ತುಂಬಿಸ್ತೀನಿ.

ಬೀಜ_ಹುರಿಯೋಳು · 9:24

ಅಯ್ಯೋ ದೇವ್ರೇ, ನಾಲ್ಕು ದಿನದಿಂದ ಇಲ್ಲಿ ಏನ್ ಮಾತಾಡ್ತಿದ್ವಿ ಅಂದ್ಕೊಂಡ್ರಿ?

ಗಿರಿ_ಹೋಂಸ್ಟೇ · 9:25

ಸ್ಟಿಕ್ಕರ್ ಕಿತ್ತೇ ಕೊಡಿ. ಬಿಸಿನೀರು ನಮ್ಮಲ್ಲಿದೆ.